ಹೊಲಿಗೆ ಹಿಡಿಯುವ ಬೂಟು



ಕಳೆದ ವೈಶಾಖದಲ್ಲಿ ಸಾಗರದಲ್ಲೊಂದು ಮದುವೆಗೆ ಹೋಗಿದ್ದೆ. ಆರು ವರ್ಷದ ಹಿಂದೆ ಕೊಂಡ ಕರಿ ಬೂಟು ಹಾಕಿಕೊಂಡಿದ್ದೆ. ಕೊಂಡ ಮೇಲೆ ಅದನ್ನು ಹಾಕಿದ್ದು ನಾಲ್ಕೋ ಐದೋ ಸಲ. ಪ್ರತಿ ಸಲವೂ ಒರೆಸಿ, ಪಾಲಿಶ್ ಹಚ್ಚಿ, ಅದರ ಡಬ್ಬಿಯಲ್ಲೇ ಇಟ್ಟು ಬೀರುವಿನ ತಳದಲ್ಲಿ ಜೋಪಾನ ಮಾಡಿದ್ದೆ. ಬಸ್ಸಿಳಿದು ಛತ್ರದ ಕಡೆಗೆ ನಡೆಯುತ್ತಿದ್ದಾಗ ಎಡಗಾಲಿನ ಹಿಮ್ಮಡಿಯ ಕೆಳಗೆ ಏನೋ ಕುಸಿದಂತಾಯಿತು. ತಿರುಗಿ ನೋಡಿದರೆ ನಡೆದು ಬಂದ ದಾರಿಯುದ್ದಕ್ಕೂ ಕಪ್ಪು ಚೂರುಗಳು. ಬಗ್ಗಿ ಒಂದನ್ನು ಎತ್ತಿಕೊಂಡೆ. ಬೆರಳ ನಡುವೆ ಅದು ಬೆಲ್ಲದ ಪುಡಿಯ ಹಾಗೆ ಉದುರಿತು. ಮೇಲಿನ ಚರ್ಮಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಟ್ಟೆ ಮಾತ್ರ ಕರಗಿಹೋಗಿತ್ತು.

ಶಿವಮೊಗ್ಗಕ್ಕೆ ಮರಳಿದ ಮೇಲೆ, ಬಸ್ ನಿಲ್ದಾಣದ ಹತ್ತಿರ ಮರದಡಿ ಕೂರುವ, ಬೂಟು ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿಗೆ ಅದನ್ನು ಒಯ್ದೆ. ಅವರು ಬೂಟನ್ನು ಮಗುಚಿದರು, ಹೆಬ್ಬೆರಳಿನಿಂದ ಅಂಚನ್ನು ಒತ್ತಿದರು, ಒಳಗೆ ಕೈಹಾಕಿ ಮೆತ್ತೆ ಎತ್ತಿ ನೋಡಿದರು. "ಇದು ಹೊಲಿಗೆ ಹಿಡಿಯಲ್ಲ ಸಾರ್" ಅಂದರು. ಆಮೇಲೆ ನನ್ನ ಕಾಲಲ್ಲಿದ್ದ ಹಳೆಯ ಕಂದು ಬೂಟಿನ ಕಡೆ ಕಣ್ಣು ಹಾಯಿಸಿ, "ಅದು ಹಿಡಿಯುತ್ತೆ. ಎರಡು ಸಲ ಹಿಡಿದಿದೆ" ಅಂದರು.

ಆ ಕಂದು ಬೂಟನ್ನು ನಾನು 2008ರಲ್ಲಿ ಬೆಂಗಳೂರಿನಲ್ಲಿ ಕೊಂಡದ್ದು. ಆಗ ತಿಂಗಳ ಸಂಬಳದ ಐದನೇ ಒಂದು ಪಾಲು ಅದಕ್ಕೇ ಹೋಗಿತ್ತು, ಮನೆಯಲ್ಲಿ ಸಣ್ಣ ಮಾತುಕತೆಯೂ ಆಗಿತ್ತು. ಇಂದಿಗೂ ಅದು ವಾರಕ್ಕೆ ಮೂರು ದಿನ ನನ್ನ ಕಾಲಲ್ಲಿರುತ್ತದೆ. ಇವತ್ತಿನ ಮಾತೆಲ್ಲ ಈ ಎರಡು ಜೊತೆ ಬೂಟುಗಳ ನಡುವಿನ ವ್ಯತ್ಯಾಸದ್ದು.

ಮೊದಲು ಪುಡಿಯಾದದ್ದರ ಕಾರಣ ಹೇಳಿಬಿಡುತ್ತೇನೆ. ಆ ಅಟ್ಟೆ ಪಾಲಿಯುರೆಥೇನ್‌ನದು, ಅಂಗಡಿಯವರ ಬಾಯಲ್ಲಿ ಪಿ.ಯು. ಸೋಲ್. ಹಗುರ, ಮೆತ್ತಗೆ, ಮೊದಲ ದಿನದಿಂದಲೇ ಹಿತ. ಆದರೆ ಗಾಳಿಯಲ್ಲಿನ ತೇವ ಆ ವಸ್ತುವಿನ ಕಣಗಳ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಕಡಿಯುತ್ತಾ ಹೋಗುತ್ತದೆ. ನಾವು ಹಾಕಲಿ, ಬಿಡಲಿ, ಆ ಕೆಲಸ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದಕ್ಕೆ ಬೇಕಾದಷ್ಟು ತೇವ ಸಿಗುತ್ತದೆ. ನನ್ನ ಜೋಪಾನ ಅದನ್ನು ಕಾಪಾಡಲಿಲ್ಲ. ಅಂಥ ಬೂಟು ಹಾಕಲೇಬಾರದು ಅಂತಲ್ಲ. ಕೊಂಡರೆ ದಿನವೂ ಹಾಕಿ ಸವೆಸಿಬಿಡಿ, ಶುಭಕಾರ್ಯಕ್ಕೆಂದು ಎತ್ತಿಡಬೇಡಿ.

ಇನ್ನು ಹೊಲಿಗೆ ಹಿಡಿಯುವುದು ಅಂದರೇನು? ಅಂಗಡಿಯಲ್ಲಿ ಸಾಲಾಗಿಟ್ಟ ಬೂಟುಗಳಲ್ಲಿ ಹೆಚ್ಚಿನವು ಅಂಟಿನವು. ಮೇಲ್ಚರ್ಮವನ್ನು ಅಚ್ಚಿನ ಮೇಲೆ ಎಳೆದು, ಕೆಳಗೆ ಅಂಟು ಬಳಿದು, ಅಟ್ಟೆ ಒತ್ತಿಬಿಡುತ್ತಾರೆ. ಅಂಟು ಬಿಟ್ಟರೆ ಮತ್ತೆ ಅಂಟಿಸಬಹುದು, ಅಷ್ಟೆ. ನನ್ನ ಕಂದು ಬೂಟಿನ ಕಥೆ ಬೇರೆ. ಅದರಲ್ಲಿ ಮೇಲ್ಚರ್ಮಕ್ಕೂ ಕೆಳಗಿನ ಅಟ್ಟೆಗೂ ನಡುವೆ ಬೆರಳಿನ ಅರ್ಧದಷ್ಟು ಅಗಲದ ಒಂದು ಚರ್ಮದ ಪಟ್ಟಿ ಬೂಟಿನ ಸುತ್ತ ಓಡುತ್ತದೆ. ಅದಕ್ಕೆ ವೆಲ್ಟ್ ಎಂದು ಹೆಸರು. ಮೊದಲ ಹೊಲಿಗೆ ಈ ಪಟ್ಟಿಯನ್ನೂ ಮೇಲ್ಚರ್ಮವನ್ನೂ ಅದರ ಅಸ್ತರಿಯನ್ನೂ ಸೇರಿಸಿ ಒಳಅಟ್ಟೆಗೆ ಬಿಗಿಯುತ್ತದೆ. ಅದು ಒಳಗೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ಹೊಲಿಗೆ ಪಟ್ಟಿಯ ಹೊರಅಂಚನ್ನು ಕೆಳಗಿನ ಅಟ್ಟೆಗೆ ಬಿಗಿಯುತ್ತದೆ. ಬೂಟನ್ನು ಮೇಲಿನಿಂದ ನೋಡಿದಾಗ ಅಂಚಿನಲ್ಲಿ ಕಾಣುವ ಟಾಕಿಗಳ ಸಾಲು ಅದೇ.

ಅಟ್ಟೆ ಸವೆದಾಗ ಬಿಚ್ಚಬೇಕಾದದ್ದು ಈ ಎರಡನೆಯ ಹೊಲಿಗೆಯನ್ನು ಮಾತ್ರ. ಮೊದಲನೆಯದನ್ನು ಯಾರೂ ಮುಟ್ಟುವುದಿಲ್ಲ. ಮೇಲ್ಚರ್ಮಕ್ಕೆ ಹೊಸ ತೂತು ಬೀಳುವುದಿಲ್ಲ. ಹಳೆಯ ಅಟ್ಟೆ ಹೋಯಿತು, ಹೊಸದು ಬಂತು, ಬೂಟು ಅದೇ. ಮನೆಯ ಗೋಡೆ ಕೆಡವದೆ ಹೆಂಚು ಬದಲಿಸುತ್ತೇವಲ್ಲ, ಹಾಗೆ. ಒಳಅಟ್ಟೆಗೂ ಕೆಳಗಿನ ಅಟ್ಟೆಗೂ ನಡುವಿನ ಪೊಳ್ಳಿನಲ್ಲಿ ಬೆಂಡಿನ ಪುಡಿ ತುಂಬಿರುತ್ತಾರೆ. ಕೆಲವು ವಾರ ನಡೆದ ಮೇಲೆ ಅದು ನಿಮ್ಮ ಪಾದದ ಉಬ್ಬುತಗ್ಗಿಗೆ ತಕ್ಕಂತೆ ಕೂರುತ್ತದೆ. ಇಂಥ ಬೂಟು ಮೊದಲ ಹದಿನೈದು ದಿನ ಬಿರುಸು ಅನ್ನಿಸಿ, ಆಮೇಲೆ ಹಿತವಾಗುವುದು ಇದರಿಂದಲೇ.

ಈ ಕೆಲಸವನ್ನು ಶತಮಾನಗಳ ಕಾಲ ಕೈಯಲ್ಲೇ ಮಾಡುತ್ತಿದ್ದರು. ಇಂಗ್ಲೆಂಡಿನ ನಾರ್ತಾಂಪ್ಟನ್ ಪಟ್ಟಣ ಇದಕ್ಕೇ ಹೆಸರಾದದ್ದು. 1642ರಲ್ಲಿ ಅಲ್ಲಿನ ಕುಶಲಿಗರಿಗೆ ಐರ್ಲೆಂಡಿಗೆ ಹೊರಟ ಸೈನ್ಯಕ್ಕಾಗಿ 4,000 ಜೊತೆ ಬೂಟು, 600 ಜೊತೆ ಉದ್ದ ಬೂಟುಗಳ ಬೇಡಿಕೆ ಬಂದಿತ್ತು. ಟ್ರಿಕರ್ಸ್, ಚರ್ಚ್ಸ್, ಕ್ರಾಕೆಟ್ ಅಂಡ್ ಜೋನ್ಸ್ ಮುಂತಾದ ಹಳೆಯ ತಯಾರಕರ ಕಾರ್ಖಾನೆಗಳು ಇಂದಿಗೂ ಆ ಊರಿನಲ್ಲಿವೆ. ಯಂತ್ರ ಹುಟ್ಟಿದ್ದು ಅಮೆರಿಕದಲ್ಲಿ. 1858ರಲ್ಲಿ ಲೈಮನ್ ಬ್ಲೇಕ್ ಎಂಬುವರು ಒಳಅಟ್ಟೆಯಿಂದ ಕೆಳಅಟ್ಟೆಗೆ ಒಂದೇ ಏಟಿಗೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1870ರ ಆಸುಪಾಸಿನಲ್ಲಿ ವೆಲ್ಟ್ ಪಟ್ಟಿ ಹೊಲಿಯುವ ಯಂತ್ರವನ್ನು ಪಳಗಿಸಿ ಬಳಕೆಗೆ ತಂದವರು ಕಿರಿಯ ಚಾರ್ಲ್ಸ್ ಗುಡ್‌ಇಯರ್. ಇವರ ತಂದೆ ಹಿರಿಯ ಚಾರ್ಲ್ಸ್ ಗುಡ್‌ಇಯರ್, ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದವರು. ಗುಡ್‌ಇಯರ್ ಟೈರಿನ ಕಂಪನಿ ಆ ಹಿರಿಯರ ನೆನಪಿಗೆ ಹೆಸರಿಟ್ಟುಕೊಂಡದ್ದೇ ಹೊರತು ಅವರ ಮನೆತನದ್ದಲ್ಲ. ಬೂಟಿನ ಒಳಗೆ 'ಗುಡ್‌ಇಯರ್ ವೆಲ್ಟೆಡ್' ಎಂದು ಅಚ್ಚಾಗಿದ್ದರೆ ಅದು ಮಗನ ಯಂತ್ರದ ಹೊಲಿಗೆ ಎಂದು ತಿಳಿಯಿರಿ.

ಬ್ಲೇಕ್ ಹೊಲಿಗೆಯ ಬೂಟೂ ಕೆಟ್ಟದ್ದಲ್ಲ. ಇಟಲಿಯವರಿಗೆ ಅದು ಪ್ರಿಯ. ತೆಳ್ಳಗೆ, ನಾಜೂಕಾಗಿ, ಬಳುಕುವಂತೆ ಇರುತ್ತದೆ. ಆದರೆ ಅಟ್ಟೆಯ ತೂತು ನೇರವಾಗಿ ಒಳಕ್ಕೇ ಬರುವುದರಿಂದ ನಮ್ಮ ಮಳೆಯ ನೀರು ಅದೇ ದಾರಿ ಹಿಡಿಯುತ್ತದೆ. ಮತ್ತೆ ಹೊಲಿಯಬೇಕಾದರೆ ಅದಕ್ಕೆಂದೇ ಇರುವ ಯಂತ್ರ ಬೇಕು. ವೆಲ್ಟ್ ಬೂಟನ್ನಾದರೋ ಮರದಡಿ ಕೂತ ಕೈ, ಒಂದು ಉಳಿ, ಜೇನುಮೇಣ ತಿಕ್ಕಿದ ದಾರ ಇಷ್ಟರಲ್ಲೇ ಮತ್ತೆ ನಿಲ್ಲಿಸಬಹುದು. ನಮ್ಮ ಊರುಗಳಿಗೆ ಇದೇ ತಕ್ಕದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಳಾದ ದಿನ ಸರಿಮಾಡುವವರು ನಿಮ್ಮ ಊರಲ್ಲೇ ಇದ್ದಾರೋ ಇಲ್ಲವೋ ಎಂಬುದನ್ನು ಕೊಳ್ಳುವ ದಿನವೇ ಯೋಚಿಸಬೇಕು.

ಅಂಗಡಿಯಲ್ಲಿ ಗುರುತಿಸುವುದು ಹೇಗೆ? ನಾವು ಸೀರೆ ಕೊಳ್ಳುವಾಗ ಸೆರಗು ತಿರುವಿ ಒಳಮೈ ನೋಡುತ್ತೇವೆ. ಮಡಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಬೂಟನ್ನು ಮಾತ್ರ ಮಗುಚಿ ನೋಡುವುದಿಲ್ಲ. ಕಾಲಿಗೆ ಹಾಕುವುದು, ಅದನ್ನೇನು ಕೈಯಲ್ಲಿ ಹಿಡಿದು ನೋಡುವುದು ಎಂಬ ಹಳೆಯ ತಾತ್ಸಾರ ಇದರ ಹಿಂದಿದೆ. ಅದನ್ನು ಮಾಡುವ ಕೈಗಳನ್ನೇ ಊರ ಹೊರಗಿಟ್ಟ ಸಮಾಜ ನಮ್ಮದು. ಹನ್ನೆರಡನೆಯ ಶತಮಾನದ ಮಾದಾರ ಚೆನ್ನಯ್ಯನವರು ತಮ್ಮ ವಚನಗಳ ಅಂಕಿತದೊಳಕ್ಕೇ ಕೈಯುಳಿಯನ್ನು, ಕತ್ತಿಯನ್ನು ತಂದರು. ಬಸವಣ್ಣನವರಿಗಾಗಿ ಪಾದರಕ್ಷೆ ಮಾಡಿದ ಹರಳಯ್ಯ, ಕಲ್ಯಾಣಮ್ಮ ದಂಪತಿಯ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವರನ್ನು ನೆನೆಯುವ ನಾವು ಆ ಕಸುಬನ್ನು ಕಣ್ಣಿಟ್ಟು ನೋಡುವುದನ್ನು ಇನ್ನೂ ಕಲಿತಿಲ್ಲ. ಆದ್ದರಿಂದ ಸಂಕೋಚಪಡದೆ ಬೂಟನ್ನು ಮಗುಚಿ. ಮೇಲಿನ ಅಂಚಿನಲ್ಲಿ ಟಾಕಿಗಳ ಸಾಲು ಇದ್ದರೆ, ಕೆಳಗೂ ಅದಕ್ಕೆ ಸರಿಯಾದ ಸಾಲು ಇದೆಯೇ ನೋಡಿ. ಕೆಲವು ಒಳ್ಳೆಯ ಬೂಟುಗಳಲ್ಲಿ ಕೆಳಗಿನ ಹೊಲಿಗೆಯನ್ನು ಚರ್ಮದಲ್ಲಿ ಗೀರಿದ ಕಾಲುವೆಯೊಳಗೆ ಕೂರಿಸಿ ಮುಚ್ಚಿರುತ್ತಾರೆ, ಆ ಗೀರಿನ ಗುರುತು ಅಂಚಿನ ಒಳಗೆ ಸಣ್ಣಗೆ ಕಾಣುತ್ತದೆ. ಮೇಲೆ ಹೊಲಿಗೆ ಇದ್ದು ಕೆಳಗೆ ಅಚ್ಚು ಹೊಯ್ದ ರಬ್ಬರು ಬಿಟ್ಟರೆ ಏನೂ ಇಲ್ಲದಿದ್ದರೆ ಎಚ್ಚರ ವಹಿಸಿ. ನೋಟಕ್ಕೆಂದು ಟಾಕಿ ಹಾಕಿದ ಪಟ್ಟಿಯನ್ನು ಅಂಟಿಸಿ ಕೊಡುವ ಅಭ್ಯಾಸ ಈಗ ಬಹಳ ಕಡೆ ಇದೆ. ನನ್ನ ಪುಡಿಯಾದ ಬೂಟಿನಲ್ಲೂ ಅಂಥ ಪಟ್ಟಿ ಇತ್ತು, ಅದರ ಟಾಕಿಗಳು ಯಾವುದನ್ನೂ ಹಿಡಿದಿರಲಿಲ್ಲ. ಅಂಗಡಿಯವರನ್ನು ನೇರವಾಗಿ ಕೇಳಿ, ಇದು ಪೇಸ್ಟಿಂಗೋ, ಹೊಲಿಗೆಯೋ ಎಂದು. ಈ ಪ್ರಶ್ನೆ ಕೇಳಿದ ಕೂಡಲೇ ಒಳಗಿನ ಕಪಾಟಿನಿಂದ ಬೇರೆ ಜೊತೆ ಹೊರಬಂದದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ಚರ್ಮ. ದನದ ತೊಗಲು ದಪ್ಪ, ಅದನ್ನು ಯಂತ್ರದಲ್ಲಿ ಪದರ ಪದರವಾಗಿ ಸೀಳುತ್ತಾರೆ. ಕೂದಲು ಬೆಳೆದಿದ್ದ ಮೇಲ್ಪದರದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಆ ಮೇಲ್ಮೈಯನ್ನು ಉಜ್ಜದೆ ಇದ್ದಂತೆಯೇ ಉಳಿಸಿದರೆ ಅದು ಫುಲ್ ಗ್ರೇನ್. ಬೇಲಿಯ ಮುಳ್ಳು ಗೀರಿದ್ದು, ಉಣ್ಣೆ ಕಚ್ಚಿದ್ದು ಎಲ್ಲ ಅದರಲ್ಲಿ ನಸುವಾಗಿ ಉಳಿದಿರುತ್ತದೆ. ಕಲೆ ಹೆಚ್ಚಿದ್ದ ತೊಗಲನ್ನು ಮರಳು ಕಾಗದದಲ್ಲಿ ತಿಕ್ಕಿ, ಮೇಲೆ ಬಣ್ಣದ, ಪ್ಲಾಸ್ಟಿಕ್ಕಿನ ಲೇಪ ಕೊಟ್ಟು ಹೊಳಪಿಸುತ್ತಾರೆ. ಅಂಗಡಿಯ ದೀಪದಡಿ ಕಣ್ಣು ಕುಕ್ಕುವುದು ಸಾಮಾನ್ಯವಾಗಿ ಇಂಥದೇ. ಒಂದೆರಡು ವರ್ಷದಲ್ಲಿ ಬೆರಳು ಮಡಚುವ ಜಾಗದಲ್ಲಿ ಆ ಲೇಪ ಒಡೆಯುತ್ತದೆ, ಒಡೆದ ಮೇಲೆ ಯಾವ ಪಾಲಿಶೂ ಅದನ್ನು ಮುಚ್ಚುವುದಿಲ್ಲ. ಅಟ್ಟೆಯ ಮೇಲೆ 'ಜೆನ್ಯುಯಿನ್ ಲೆದರ್' ಎಂಬ ಮುದ್ರೆ ಇದ್ದರೆ ಅದು ಚರ್ಮ ಎಂಬುದಷ್ಟೇ ಗೊತ್ತಾಗುತ್ತದೆ, ಯಾವ ಪದರದ ಚರ್ಮ ಎಂಬುದು ಗೊತ್ತಾಗುವುದಿಲ್ಲ. ಬೂಟಿನ ಮುಂಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ನಿಮ್ಮ ಅಂಗೈಯ ಹಿಂಬದಿಯ ತೊಗಲನ್ನು ಒತ್ತಿದಾಗ ಏಳುವಂಥ ಸಣ್ಣ ಸಣ್ಣ ಸುಕ್ಕು ಎದ್ದು, ಬೆರಳು ತೆಗೆದಾಗ ಮಾಯವಾದರೆ ಒಳ್ಳೆಯದು. ರೆಕ್ಸಿನ್ನಿನ ಹಾಗೆ ಒಂದೇ ದಪ್ಪ ಮಡಿಕೆ ಬಿದ್ದರೆ ಬೇಡ. ಅಸ್ತರಿಯೂ ಚರ್ಮದ್ದೇ ಆಗಿರಲಿ, ಬೆವರು ಹೀರುವುದು ಅದೇ.

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋದವರಿಗೆ ಜೋಲಾರ್‌ಪೇಟೆ ದಾಟಿದ ಮೇಲೆ ಬರುವ ವಾಣಿಯಂಬಾಡಿ, ಆಂಬೂರುಗಳ ವಾಸನೆ ನೆನಪಿರಬಹುದು. ದಕ್ಷಿಣ ಭಾರತದ ಚರ್ಮದ ದೊಡ್ಡ ಭಾಗ ಹದವಾಗುವುದು ಆ ಸಾಲಿನ ಊರುಗಳಲ್ಲಿ. ಯುರೋಪಿನ ಅಂಗಡಿಗಳಲ್ಲಿ ಮಾರುವ ಎಷ್ಟೋ ಬೂಟು ಆಂಬೂರಿನಲ್ಲಿ ಹೊಲಿದದ್ದು. ಹಿಂದೆ ಅಲ್ಲಿ ತಂಗಡಿಯ ತೊಗಟೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ತೊಗಲು ಹದ ಮಾಡುತ್ತಿದ್ದರು. ಕ್ರೋಮಿಯಂ ಲವಣ ಬಂದ ಮೇಲೆ ಆ ಕೆಲಸ ದಿನಗಳಲ್ಲಿ ಮುಗಿಯುವಂತಾಯಿತು, ಚರ್ಮ ಮೃದುವಾಯಿತು, ಪಾಲಾರ್ ನದಿಯ ನೀರು ಕೆಟ್ಟಿತು. ಆ ಕುರಿತು ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು ದೇಶದ ಪರಿಸರ ಕಾನೂನಿನಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಒಂದು ಜೊತೆ ಬೂಟಿನ ಹಿಂದೆ ಒಂದು ಪ್ರಾಣಿಯ ತೊಗಲಿದೆ, ಒಂದು ನದಿಯ ನೀರಿದೆ. ಅದನ್ನು ಎರಡು ವರ್ಷಕ್ಕೆ ತಿಪ್ಪೆಗೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಎಷ್ಟೇ ಒಳ್ಳೆಯ ಚರ್ಮ, ಎಷ್ಟೇ ಒಳ್ಳೆಯ ಹೊಲಿಗೆ ಇದ್ದರೂ ಅಳತೆ ತಪ್ಪಿದರೆ ಬೂಟು ಕಚ್ಚುತ್ತದೆ, ಕಚ್ಚುವ ಬೂಟು ಮೂಲೆ ಸೇರುತ್ತದೆ. ನಾವು ಏಳು, ಎಂಟು, ಒಂಬತ್ತು ಎನ್ನುವ ನಂಬರು ಇಂಗ್ಲೆಂಡಿನದು. ಅದರ ಮೂಲ ಜವೆಗೋಧಿಯ ಕಾಳು. ಮೂರು ಕಾಳು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು ಎಂಬುದು ಅಲ್ಲಿನ ಹಳೆಯ ಲೆಕ್ಕ. ನಂಬರು ಒಂದು ಏರಿದರೆ ಅಚ್ಚಿನ ಉದ್ದ ಒಂದು ಕಾಳಿನಷ್ಟು, ಅಂದರೆ ಇಂಚಿನ ಮೂರನೇ ಒಂದು ಪಾಲು ಏರುತ್ತದೆ. ಆದರೆ ನಂಬರು ಹೇಳುವುದು ಉದ್ದ ಮಾತ್ರ, ಅಗಲ ಹೇಳುವುದಿಲ್ಲ. ನಮ್ಮಲ್ಲಿ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದಗಳು ಮುಂದೆ ಹರಡಿಕೊಂಡಿರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತೀಚೆಗೆ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿದಾಗಲೂ ನಮ್ಮವರ ಪಾದ ಪಶ್ಚಿಮದವರದಕ್ಕಿಂತ ಅಗಲ ಎಂದೇ ಕಂಡಿತು. 'ಭಾ' ಎಂಬ ಭಾರತೀಯ ಅಳತೆ ಸಿದ್ಧವಾದದ್ದು ಅದರ ಮೇಲೆ. ಅಗಲ ಸಾಲದೆ ಹೋದಾಗ ನಾವು ಮಾಡುವ ತಪ್ಪು ಒಂದೇ, ಒಂದು ನಂಬರು ದೊಡ್ಡದು ತೆಗೆದುಕೊಳ್ಳುವುದು. ಆಗ ಹಿಮ್ಮಡಿ ಜಾರುತ್ತದೆ, ಬೂಟು ಮಡಚಬೇಕಾದ ಜಾಗ ಬಿಟ್ಟು ಬೇರೆ ಕಡೆ ಮಡಚಿ ಚರ್ಮ ಬೇಗ ಸೀಳುತ್ತದೆ. ಅದರ ಬದಲು ಅದೇ ನಂಬರಿನಲ್ಲಿ ಅಗಲದ ಅಚ್ಚಿನ ಬೂಟು ಕೇಳಿ. ಲೇಸಿನ ರೆಕ್ಕೆಗಳು ಮುಂಭಾಗದ ಚರ್ಮದ ಅಡಿಗೆ ಸೇರಿ ಹೊಲಿದಿದ್ದರೆ ಅದು ಆಕ್ಸ್‌ಫರ್ಡ್, ಮೇಲೆ ಕೂತು ಬಾಗಿಲಿನ ಹಾಗೆ ತೆರೆದುಕೊಂಡರೆ ಡರ್ಬಿ. ಪಾದದ ಬೆನ್ನು ಎತ್ತರವಿರುವವರಿಗೆ, ಅಗಲ ಪಾದದವರಿಗೆ ಡರ್ಬಿಯೇ ಸುಖ. ಸಂಜೆಯ ಹೊತ್ತು ಕೊಳ್ಳಲು ಹೋಗಿ, ಅಷ್ಟರಲ್ಲಿ ಪಾದ ಉಬ್ಬಿರುತ್ತದೆ. ದಿನವೂ ಹಾಕುವ ಕಾಲುಚೀಲ ಹಾಕಿಕೊಂಡೇ ನೋಡಿ. ಎರಡು ಕಾಲಿಗೂ ಹಾಕಿ, ಎದ್ದು, ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ಓಡಾಡಿ. ಚರ್ಮ ಆಮೇಲೆ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುತ್ತದೆ, ಉದ್ದಕ್ಕೆ ಎಂದೂ ಬಿಟ್ಟುಕೊಡುವುದಿಲ್ಲ.

ಹೆಣ್ಣುಮಕ್ಕಳಿಗೆ ಇಂಥ ಬೂಟು ನಮ್ಮ ಅಂಗಡಿಗಳಲ್ಲಿ ಸಿಗುವುದೇ ಅಪರೂಪ. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಬ್ಯಾಂಕಿನಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ತೆಳು ಅಟ್ಟೆಯ, ಅಂಟಿನ ಪಾದರಕ್ಷೆಯನ್ನೇ ಕೊಡುತ್ತಾ ಬಂದಿರುವುದು ಅನ್ಯಾಯ. ಸಣ್ಣ ನಂಬರಿನ ಗಂಡಸರ ಡರ್ಬಿ ಹಾಕಿ ನೆಮ್ಮದಿ ಕಂಡ ಒಬ್ಬ ಶಿಕ್ಷಕಿಯನ್ನು ನಾನು ಬಲ್ಲೆ.

ಒಟ್ಟಿಗೆ ಅಷ್ಟು ಹಣ ಹಾಕಲಾಗದವರಿಗೂ ಹೊಲಿಗೆಯ ಪಾದರಕ್ಷೆ ನಮ್ಮ ನಾಡಿನಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಅಥಣಿಯ ಸುತ್ತ ಮಾಡುವ ಚಪ್ಪಲಿಯನ್ನು ತೊಗಟೆಯಲ್ಲಿ ಹದ ಮಾಡಿದ ಚರ್ಮದಿಂದ, ಚರ್ಮದ ದಾರದಿಂದಲೇ ಹೊಲಿಯುತ್ತಾರೆ, ಮೊಳೆ ಬಳಸುವುದಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಅದೂ ಹೊಲಿಗೆ ಹಿಡಿಯುವ ಜಾತಿಯದೇ.

ಕೊಂಡ ಮೇಲಿನ ಆರೈಕೆ ಹೆಚ್ಚೇನಿಲ್ಲ. ಒಂದು ದಿನ ಹಾಕಿದರೆ ಮಾರನೆಯ ದಿನ ಬಿಡಿ, ಒಳಗೆ ಇಳಿದ ಬೆವರು ಆರಲಿ. ನೆನೆದು ಬಂದರೆ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಆರಿಸಿ. ಒಲೆಯ ಹತ್ತಿರ, ಬಿಸಿಲಲ್ಲಿ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಮಳೆಗಾಲದಲ್ಲಿ ಬೂಷ್ಟು ಬಂದರೆ ಒಣಬಟ್ಟೆಯಿಂದ ಹೊರಗೆ ಒರೆಸಿ, ಗಾಳಿಯಾಡುವಲ್ಲಿ ಇಡಿ. ಡಬ್ಬಿಯೊಳಗೆ ಮಾತ್ರ ಮುಚ್ಚಬೇಡಿ. ಹಿಮ್ಮಡಿ ತುಳಿದು ಹಾಕುವ ಅಭ್ಯಾಸ ಬಿಡಿ. ಪಾಲಿಶನ್ನು ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಶ್ ಆಡಿಸಿ. ಹೀಲಿನ ತುದಿ ಸವೆದ ಕೂಡಲೇ ಲಾಳ ಹೊಡೆಸಿ, ಇಲ್ಲದಿದ್ದರೆ ಸವೆತ ಮೇಲಕ್ಕೇರುತ್ತದೆ.

ಈ ವಾರ ನನ್ನ ಕಂದು ಬೂಟಿಗೆ ಮೂರನೆಯ ಸಲ ಅಟ್ಟೆ ಹಾಕಿಸಲು ಕೊಟ್ಟಿದ್ದೇನೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಹಿರಿಯರು ಬೂಟನ್ನು ತೊಡೆಯ ನಡುವೆ ಒತ್ತಿ ಹಿಡಿದು, ಸಣ್ಣ ಕತ್ತಿಯಿಂದ ಪಟ್ಟಿಯ ಹೊಲಿಗೆಯನ್ನು ಟಾಕಿ ಟಾಕಿಯಾಗಿ ಕತ್ತರಿಸುತ್ತಾ ಹೋದರು. ಅಟ್ಟೆ ಇಕ್ಕಳದ ಎಳೆತಕ್ಕೆ ಕಿರ್ ಎಂದು ಬಿಟ್ಟುಬಂತು. ಒಳಗೆ ಬೆಂಡು ಕಪ್ಪಾಗಿ, ಒತ್ತಿ ಹಲಗೆಯಂತಾಗಿತ್ತು. ಅದರ ಮೇಲೆ ನನ್ನ ಐದೂ ಬೆರಳು, ಉಂಗುಟದ ಕೆಳಗಿನ ಉಬ್ಬು, ಹಿಮ್ಮಡಿಯ ಗುಂಡಿ ಎಲ್ಲ ಮೂಡಿತ್ತು. ಅವರು ಬೆಂಡನ್ನು ಕೆರೆದು ತೆಗೆದರು. ಹೊಸ ಅಟ್ಟೆಯ ಚರ್ಮವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟರು. ಒಳಅಟ್ಟೆಯೂ ಹಳತಾಗಿದೆಯಲ್ಲ, ಅದನ್ನೂ ಬದಲಿಸಬೇಕೇ ಎಂದು ಕೇಳಿದೆ.

"ಅದನ್ನ ಮುಟ್ಟಲ್ಲ ಸಾರ್. ಅದು ನಿಮ್ಮ ಕಾಲನ್ನ ಕಲ್ತುಕೊಂಡಿದೆ" ಅಂದರು. ಮಂಗಳವಾರ ಸಂಜೆ ಬನ್ನಿ ಅಂದಿದ್ದಾರೆ.